ಫೋನ್ ಕಸಿದುಕೊಳ್ಳುವ ಮುನ್ನ

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ, ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಆನ್‌ಲೈನ್ ಆಟವೊಂದರ ಚಾಟ್‌ನಲ್ಲಿ ಪರಿಚಯವಾದ 'ಗೆಳತಿ'ಗೆ ತನ್ನ ವಾಟ್ಸಾಪ್ ಸಂಖ್ಯೆಯನ್ನೂ ಶಾಲೆಯ ಸಮವಸ್ತ್ರದಲ್ಲಿರುವ ಫೋಟೋವನ್ನೂ ಕೊಟ್ಟಿದ್ದಾಳೆ. ಈಗ ಆ ವ್ಯಕ್ತಿ, ಬೇರೆ ರೀತಿಯ ಫೋಟೋ ಕಳುಹಿಸದಿದ್ದರೆ ಇದನ್ನೇ ಅಶ್ಲೀಲವಾಗಿ ತಿರುಚಿ ಶಾಲೆಯವರಿಗೆಲ್ಲ ಹಂಚುವುದಾಗಿ ಬೆದರಿಸುತ್ತಿದ್ದಾನೆ. ಮಗಳು ಇದನ್ನು ನಮಗೆ ಹೇಳಲಿಲ್ಲ. ನಾನೇ ಆಕಸ್ಮಿಕವಾಗಿ ನೋಡಿದೆ. ಎಲ್ಲವನ್ನೂ ಅಳಿಸಿ ಫೋನ್ ಕಸಿದುಕೊಳ್ಳೋಣ, ಪೊಲೀಸರ ಬಳಿ ಹೋದರೆ ಊರಿಗೆಲ್ಲ ಸುದ್ದಿಯಾಗುತ್ತದೆ ಎನ್ನುತ್ತಾರೆ ನಮ್ಮ ಯಜಮಾನರು. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಪ್ಪು ನಿನ್ನದಲ್ಲ, ನಾವಿದ್ದೇವೆ ಎಂಬ ಮಾತನ್ನು ಇಂದು ರಾತ್ರಿಯೇ ಮಗಳಿಗೆ ಹೇಳಿ, ಯಜಮಾನರೂ ಪಕ್ಕದಲ್ಲಿ ಕುಳಿತು ಹೇಳಲಿ. ಅಪ್ಪ ಅಮ್ಮನಿಗೆ ತಿಳಿದರೆ ಏನಾಗುತ್ತದೋ ಎಂಬ ಮಗುವಿನ ಅಂಜಿಕೆಯನ್ನೇ ಇಂಥವರು ನೆಚ್ಚಿಕೊಂಡಿರುತ್ತಾರೆ, ಆ ಅಂಜಿಕೆ ಹೋದ ಗಳಿಗೆಯಲ್ಲೇ ಅವರ ಹಿಡಿತ ಸಡಿಲವಾಗುತ್ತದೆ. ಫೋನ್ ಹೋಗಿಬಿಡುತ್ತದೆಂಬ ಭಯವೇ ನಿಮ್ಮ ಮಗಳ ಬಾಯಿ ಕಟ್ಟಿರಬಹುದು. ಈಗ ಅದನ್ನು ಕಸಿದುಕೊಂಡರೆ ಅವಳ ಭಯ ಸರಿಯಾಗಿತ್ತೆಂದು ನಾವೇ ಒಪ್ಪಿಕೊಂಡಂತಾಗುತ್ತದೆ, ಮುಂದೊಮ್ಮೆ ಇದಕ್ಕಿಂತ ದೊಡ್ಡ ಸಂಕಟ ಬಂದರೂ ಅವಳು ನಿಮ್ಮ ಹತ್ತಿರ ಸುಳಿಯಲಾರಳು.

ಅಳಿಸುವ ಯೋಚನೆಯನ್ನೂ ದಯವಿಟ್ಟು ಬಿಡಿ, ಏಕೆಂದರೆ ಆ ಸಂದೇಶಗಳೇ ನಿಮ್ಮ ಸಾಕ್ಷ್ಯ. ಅವನ ಸಂಖ್ಯೆ, ಆಟದಲ್ಲಿ ಅವನು ಬಳಸುವ ಹೆಸರು, ಪ್ರೊಫೈಲ್‌ನ ಲಿಂಕ್, ದಿನಾಂಕ ಮತ್ತು ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ಆಪ್‌ನಲ್ಲೇ ದೂರು ಕೊಟ್ಟು ಬ್ಲಾಕ್ ಮಾಡಿ. ಉತ್ತರ ಬರೆಯುವುದು, ಬೇಡಿಕೊಳ್ಳುವುದು, ಹಣ ಕೊಡುವುದು ಯಾವುದೂ ಬೇಡ: ಒಮ್ಮೆ ಮಣಿದವರನ್ನು ಇಂಥವರು ಮತ್ತೆ ಮತ್ತೆ ಕಾಡುತ್ತಾರೆ. ತಿರುಚಿದ ಚಿತ್ರವೇನಾದರೂ ನಿಮ್ಮ ಕೈಗೆ ಬಂದರೆ ಸಲಹೆ ಕೇಳುವ ನೆಪದಲ್ಲಿಯೂ ಬಂಧುಗಳಿಗೆ ಕಳುಹಿಸಬೇಡಿ. ಮಕ್ಕಳ ಅಶ್ಲೀಲ ಚಿತ್ರವನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಅದನ್ನು ಫೋನಿನಲ್ಲೇ ಪೊಲೀಸರಿಗೆ ತೋರಿಸಿ.

ಪೊಲೀಸರ ವಿಷಯದಲ್ಲಿ ಯಜಮಾನರಿಗಿರುವ ಅಳುಕು ಎಷ್ಟೋ ಮನೆಗಳಲ್ಲಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಈ ಅಳುಕನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೆಲವು ಕಟ್ಟಲೆಗಳನ್ನು ವಿಧಿಸಿದೆ. ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕು. ಆ ವೇಳೆ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದೂ ಮಾಧ್ಯಮದಲ್ಲಿ ಬರುವಂತಿಲ್ಲ. ಹತ್ತಿರದ ಠಾಣೆಗೆ ಅಥವಾ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಗೆ ಹೋಗಬಹುದು, ಇಲ್ಲವೇ ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆಂದೇ ಇರುವ ವಿಭಾಗದಲ್ಲಿ ದೂರು ಬರೆಯಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು.

ಚಿತ್ರ ಹರಡಿಬಿಟ್ಟರೆ ಎಂಬ ಆತಂಕಕ್ಕೆ ಇನ್ನೊಂದು ದಾರಿಯಿದೆ. ಅಮೆರಿಕದ ಸಂಸ್ಥೆಯೊಂದು ನಡೆಸುವ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ, 18 ತುಂಬುವ ಮೊದಲು ತೆಗೆದ ನಗ್ನ ಅಥವಾ ಅಶ್ಲೀಲ ಚಿತ್ರಕ್ಕೆ ನಿಮ್ಮ ಫೋನಿನೊಳಗೇ ಒಂದು ಸಂಖ್ಯಾ ಬೆರಳಚ್ಚನ್ನು ರೂಪಿಸುತ್ತದೆ. ಚಿತ್ರ ನಿಮ್ಮಲ್ಲೇ ಉಳಿಯುತ್ತದೆ, ಬೆರಳಚ್ಚು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ತಾಣಗಳಿಗೆ ತಲುಪಿ, ಅದಕ್ಕೆ ಹೊಂದುವ ಚಿತ್ರವನ್ನು ಅವು ತಡೆಯಲು ನೆರವಾಗುತ್ತದೆ. ವಾಟ್ಸಾಪ್‌ನ ಖಾಸಗಿ ಸಂದೇಶಗಳಿಗೆ ಇದರ ಕೈ ಎಟುಕುವುದಿಲ್ಲ. ಆದ್ದರಿಂದ ನಿಮಗೆ ನಂಬಿಕೆಯಿರುವ ಒಬ್ಬ ಶಿಕ್ಷಕಿಗೆ ಮೊದಲೇ ವಿಷಯ ತಿಳಿಸಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಈ ಗಾಬರಿ ಇಳಿದ ಮೇಲೆ ಮಗಳೊಡನೆ ಕುಳಿತು, ಅವಳ ಕೈಯಿಂದಲೇ ವಾಟ್ಸಾಪ್ ಗುಂಪುಗಳಿಗೆ ಸೇರಿಸುವ ಅವಕಾಶವನ್ನೂ ಪ್ರೊಫೈಲ್ ಚಿತ್ರ ನೋಡುವ ಅವಕಾಶವನ್ನೂ ಪರಿಚಿತರಿಗಷ್ಟೇ ಮೀಸಲಿಡಿಸಿ. ಆಟದ ಚಾಟ್ ಮುಚ್ಚಿಸಿ. ಶಾಲೆಯ ಗುರುತಿರುವ ಫೋಟೋ ಏಕೆ ಅಪಾಯವೆಂದು ವಿವರಿಸಿ ಹೇಳಿದರೆ 13ರ ಹುಡುಗಿಗೆ ಅರ್ಥವಾಗುತ್ತದೆ. ಕದ್ದು ಅವಳ ಫೋನ್ ನೋಡುವ ಅಭ್ಯಾಸ ಬೇಡ. ನೋಡುವುದಿದ್ದರೆ ಅವಳಿಗೆ ಹೇಳಿಯೇ ನೋಡಿ.

ಪ್ರಶ್ನೆ: ಐದು ವರ್ಷದ ಮೊಮ್ಮಗ ಊಟ ಮಾಡುವಾಗ ನನ್ನ ಫೋನಿನಲ್ಲಿ ಕಾರ್ಟೂನ್ ನೋಡುತ್ತಾನೆ. ಒಂದಾದ ಮೇಲೊಂದು ಬರುತ್ತ ಹೆದರಿಕೆ ಹುಟ್ಟಿಸುವ ವಿಡಿಯೋ ಬಂದುಬಿಡುತ್ತದೆ. ತಡೆಯುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಮಾಮೂಲಿ ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಹಾಕಿಸಿ, ಅದರಲ್ಲಿ ನೀವು ಒಪ್ಪಿದ ವಿಡಿಯೋಗಳಷ್ಟೇ ಕಾಣುವ ಆಯ್ಕೆಯನ್ನು ಆರಿಸಿ, ಆಗ ಮಗುವಿಗೆ ಹುಡುಕಾಟವೂ ಸಿಗುವುದಿಲ್ಲ. ತಾನಾಗಿ ಮುಂದಿನ ವಿಡಿಯೋ ಓಡುವುದನ್ನೂ ನಿಲ್ಲಿಸಿ. ಹಣದ ಆಪ್‌ಗಳಿಗೆ ಬೀಗವಿರಲಿ, ಪಿನ್ ಸಂಖ್ಯೆಯನ್ನು ಅವನ ಎದುರು ಒತ್ತಬೇಡಿ. ಇಯರ್‌ಫೋನ್ ಕೊಡದೆ, ನೀವು ಕೂತಿರುವ ಜಾಗದಲ್ಲೇ ನೋಡಲಿ. ಏನು ಬರುತ್ತಿದೆಯೆಂದು ನಿಮ್ಮ ಕಿವಿಗೂ ಬೀಳುತ್ತಿರುತ್ತದೆ.