ಅಪ್ಪ ಮೆಕ್ಸಿಕೋ, ಅಮ್ಮ ತಿಪಟೂರು: ಟಿಕ್ ಎಲ್ಲಿ ಹಾಕೋದು?

ಓದುಗರ ಪತ್ರ: ನನ್ನೂರು ತಿಪಟೂರು. ಟೆಕ್ಸಾಸ್‌ಗೆ ಬಂದು 22 ವರ್ಷವಾಯಿತು. ಯಜಮಾನರ ಮನೆಯವರು ಮೆಕ್ಸಿಕೋ ಕಡೆಯವರು, ಇಲ್ಲಿನವರ ಮಾತಿನಲ್ಲಿ ಹಿಸ್ಪ್ಯಾನಿಕ್. ಮಗಳು ಈ ವರ್ಷ ಕಾಲೇಜಿಗೆ ಅರ್ಜಿ ಹಾಕುತ್ತಿದ್ದಾಳೆ. ರೇಸ್, ಎತ್ನಿಸಿಟಿ, ಅಂದರೆ ಜನಾಂಗ, ಮೂಲ ಕೇಳುವ ಪುಟಕ್ಕೆ ಬಂದು ಎಲ್ಲ ನಿಂತಿದೆ. ವಾಟ್ಸಾಪ್ ಗುಂಪಿನವರು ‘ಏಷ್ಯನ್ ಅಂತ ಮಾತ್ರ ಹಾಕಿಸ್ಬೇಡ, ಹಿಸ್ಪ್ಯಾನಿಕ್ ಒಂದೇ ಇರಲಿ’ ಅನ್ನುತ್ತಾರೆ. ಅದನ್ನೇ ಮಗಳಿಗೆ ಹೇಳಿದೆ. ‘ಹಾಗಾದ್ರೆ ನೀನು ನನ್ನಮ್ಮ ಅಲ್ವಾ?’ ಎಂದು ಕೇಳಿ ರೂಮಿನ ಬಾಗಿಲು ಹಾಕಿಕೊಂಡಳು. ಎರಡೂ ಕಡೆಯ ಅಜ್ಜಿಯರು ಬಂದಾಗ ಅವರ ನಡುವೆ ಮಾತು ದಾಟಿಸುವವಳು ಇವಳೇ. ಇನ್ನು ಊರಿಂದ ನಮ್ಮಮ್ಮ, ‘ತಹಸೀಲ್ದಾರರ ಸರ್ಟಿಫಿಕೇಟ್ ಏನಾದ್ರೂ ಬೇಕಾ?’ ಅಂತ ಫೋನ್ ಮಾಡುತ್ತಾರೆ. ಏಷ್ಯನ್ ಬಿಟ್ಟರೆ ಸುಳ್ಳು ಹೇಳಿದಂತಾಗುತ್ತಾ? — ಹೆಸರು ಬೇಡ ಎಂದ ಓದುಗರು

ಸಂಪಾದಕರ ಉತ್ತರ:

ನಿಮ್ಮಮ್ಮನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಪತ್ರದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಅದೇ.

ಊರಲ್ಲಿ ಸಿಇಟಿ ಅರ್ಜಿಗೆ 2ಎ, 3ಬಿ ಎಂದು ಬರೆದುಬಿಟ್ಟರೆ ಆಗುವುದಿಲ್ಲ. ನಾಡಕಚೇರಿಗೆ ಅಲೆದು ಆರ್‌ಡಿ ನಂಬರ್ ಇರುವ ಸರ್ಟಿಫಿಕೇಟ್ ತರಬೇಕು. ಅಪ್ಪನದೊಂದು ಜಾತಿ, ಅಮ್ಮನದೊಂದು ಜಾತಿಯಾದರೆ ಸಾಮಾನ್ಯವಾಗಿ ಅಪ್ಪನದೇ ಮಗುವಿಗೆ. ಅದೇ ಕೊನೆಯ ಮಾತಲ್ಲ, ಮಗು ಯಾರ ನಡುವೆ ಹೇಗೆ ಬೆಳೆಯಿತು ಎಂಬುದನ್ನೂ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಇಲ್ಲಿ ತಹಸೀಲ್ದಾರರೂ ಇಲ್ಲ, ಸೀಲೂ ಇಲ್ಲ. ನಾನು ಯಾರು ಎಂದು ಹುಡುಗಿಯೇ ಹೇಳಬೇಕು. ಹೇಳದೆಯೂ ಇರಬಹುದು, ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕಲು ಬಳಸುವ ಕಾಮನ್ ಆ್ಯಪ್‌ನಲ್ಲಿ ಆ ಪ್ರಶ್ನೆ ಕಡ್ಡಾಯವಲ್ಲ.

ಹೇಳೋಕೆ ಹೊರಟರೆ ಎಡವಟ್ಟಾಗುವುದೂ ಸುಲಭ. ಈ ದೇಶಕ್ಕೆ ಬಂದ ಹೊಸದರಲ್ಲಿ ನಾನು ಯಾವುದೋ ಫಾರಂನಲ್ಲಿ ‘ಅಮೆರಿಕನ್ ಇಂಡಿಯನ್’ಗೆ ಟಿಕ್ ಹಾಕಿದ್ದೆ. ಇಂಡಿಯನ್ನು, ಈಗ ಅಮೆರಿಕದಲ್ಲಿದ್ದೀನಿ, ಸರಿಯಾಗೇ ಇದೆಯಲ್ಲ ಅಂದುಕೊಂಡೆ. ಅದು ಇಲ್ಲಿನ ಮೂಲನಿವಾಸಿಗಳ ಬಾಕ್ಸ್. ಕೌಂಟರಿನಲ್ಲಿದ್ದ ಹೆಂಗಸು ಯಾವ ಟ್ರೈಬ್ ಎಂದು ಕೇಳಿದರು. ಮಂಡ್ಯ ಎಂದೆ.

ಈಗ ನಿಮ್ಮ ಮಗಳ ಪುಟ. ಅಲ್ಲಿ ಎರಡು ಪ್ರಶ್ನೆ ಇರುತ್ತವೆ. ಮೊದಲನೆಯದು, ನೀವು ಹಿಸ್ಪ್ಯಾನಿಕ್ ಅಥವಾ ಲ್ಯಾಟಿನೋ ಹೌದೋ ಅಲ್ಲವೋ. ಇದು ಎತ್ನಿಸಿಟಿ. ಎರಡನೆಯದು ರೇಸ್: ಅಮೆರಿಕನ್ ಇಂಡಿಯನ್, ಏಷ್ಯನ್, ಬ್ಲ್ಯಾಕ್, ಹವಾಯಿ ಮತ್ತು ಪೆಸಿಫಿಕ್ ದ್ವೀಪದವರು, ವೈಟ್. ಇದರಲ್ಲಿ ಎಷ್ಟಕ್ಕೆ ಬೇಕಾದರೂ ಟಿಕ್ ಹಾಕಬಹುದು. ಗಮನಿಸಿದಿರಾ? ಮೆಕ್ಸಿಕೋ ಎಂಬುದು ಮೊದಲ ಪ್ರಶ್ನೆಯ ಉತ್ತರ, ಏಷ್ಯನ್ ಎಂಬುದು ಎರಡನೆಯದರ ಉತ್ತರ. ಒಂದನ್ನು ಬರೆದರೆ ಇನ್ನೊಂದನ್ನು ಬಿಡಬೇಕು ಎಂಬ ಪ್ರಶ್ನೆಯೇ ಇಲ್ಲ. ಹಿಸ್ಪ್ಯಾನಿಕ್ ಹೌದು, ಮೆಕ್ಸಿಕೋ. ಏಷ್ಯನ್, ಇಂಡಿಯಾ. ನಿಮ್ಮ ಯಜಮಾನರ ಮನೆಯವರು ತಮ್ಮನ್ನು ವೈಟ್ ಅಂತಲೋ ಅಲ್ಲಿನ ಮೂಲನಿವಾಸಿಗಳು ಅಂತಲೋ ಹೇಳಿಕೊಳ್ಳುವವರಾದರೆ ಅದನ್ನೂ ಸೇರಿಸಬಹುದು. ಅದು ಅವರನ್ನು ಕೇಳಿ ತಿಳಿಯಬೇಕಾದ ಮಾತು.

ತಮಾಷೆ ಮುಂದಿದೆ. ಅವಳು ಸೇರಿದ ಕಾಲೇಜು ಕೇಂದ್ರ ಶಿಕ್ಷಣ ಇಲಾಖೆಗೆ ಲೆಕ್ಕ ಕೊಡುವಾಗ, ಹಿಸ್ಪ್ಯಾನಿಕ್ ಎಂದವರನ್ನೆಲ್ಲ ಹಿಸ್ಪ್ಯಾನಿಕ್ ಸಾಲಿಗೇ ಹಾಕುತ್ತದೆ. ರೇಸ್‌ನಲ್ಲಿ ಏನೇ ಬರೆದಿರಲಿ, ಅದು ಆ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪ ಬ್ಲ್ಯಾಕ್ ಅಥವಾ ವೈಟ್ ಆಗಿದ್ದರೆ ಅವಳು ‘ಎರಡು ಅಥವಾ ಹೆಚ್ಚು ರೇಸ್’ ಎಂಬ ಸಾಲಿನಲ್ಲಿರುತ್ತಿದ್ದಳು. ಅಂದರೆ ಯಾವುದನ್ನು ಬಚ್ಚಿಡಿ ಎಂದು ನಿಮ್ಮ ಗುಂಪಿನವರು ತಲೆ ಕೆಡಿಸಿಕೊಂಡಿದ್ದಾರೋ, ಅದನ್ನು ಸರ್ಕಾರದ ಲೆಕ್ಕ ತಾನಾಗೇ ನುಂಗಿಬಿಡುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ಎರಡೂ ಪ್ರಶ್ನೆಗಳನ್ನು ಸೇರಿಸಿ ಒಂದೇ ಮಾಡಬೇಕೆಂದು ಹೊಸ ನಿಯಮ ತಂದಿತು. ಅದು ಎಲ್ಲ ಫಾರಂಗಳಿಗೂ ಇಳಿದು ಬರಲು ಸಮಯ ಹಿಡಿಯುತ್ತದೆ.

ಆ ವಾಟ್ಸಾಪ್ ಸಲಹೆಯೂ ಹಳಸಿದ್ದು. ಒಂದು ಕಾಲದಲ್ಲಿ ಅದಕ್ಕೆ ಅರ್ಥವಿತ್ತು, ಇಲ್ಲ ಅನ್ನಲ್ಲ. ಹೆಸರಾಂತ ಕಾಲೇಜುಗಳು ರೇಸ್ ಅನ್ನೂ ಒಂದು ಅಂಶವಾಗಿ ನೋಡುತ್ತಿದ್ದವು, ಏಷ್ಯನ್ ಮಕ್ಕಳಿಗೆ ಅದರಿಂದ ಅನ್ಯಾಯವಾಗುತ್ತಿದೆ ಎಂದು ಹಾರ್ವರ್ಡ್ ಮೇಲೆ ಕೇಸೂ ಬಿತ್ತು. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನೇ ನಿಲ್ಲಿಸಿತು. ಅದೇ ಆಗಸ್ಟ್‌ನಿಂದ, ಸೀಟು ಕೊಡುವವರ ಕಣ್ಣಿಗೆ ಈ ಟಿಕ್‌ಗಳು ಬೀಳದಂತೆ ಮರೆಮಾಡುವ ಅವಕಾಶವನ್ನು ಕಾಮನ್ ಆ್ಯಪ್ ಕಾಲೇಜುಗಳಿಗೆ ಕೊಟ್ಟಿತು. ನೀವಿರುವುದು ಟೆಕ್ಸಾಸ್ ಬೇರೆ. ಅಲ್ಲಿ ಹೈಸ್ಕೂಲಿನ ಮೊದಲ 10 ಶೇಕಡಾ ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಕೊಡುವ ಕಾನೂನು 1997ರಿಂದಲೇ ಇದೆ. ಆಸ್ಟಿನ್‌ನಲ್ಲಿ ಇರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಮಾತ್ರ ಮಿತಿ ಇನ್ನೂ ಬಿಗಿ. ಅಲ್ಲಿ ನೋಡುವುದು ರ‍್ಯಾಂಕ್. ಅಮ್ಮ ಯಾವ ಊರಿನವಳು ಅಂತಲ್ಲ.

ಸುಳ್ಳಾಗುತ್ತಾ ಎಂದು ಕೇಳಿದ್ದೀರಿ. ಪ್ರಶ್ನೆಯೇ ಐಚ್ಛಿಕ, ಹಾಗಾಗಿ ಒಂದನ್ನು ಬಿಟ್ಟರೆ ಅಪರಾಧವಲ್ಲ. ಇಲ್ಲದ್ದನ್ನು ಹೇಳಿದರೆ ಸುಳ್ಳು. ಅರ್ಜಿಯ ಕೊನೆಯಲ್ಲಿ ‘ಇದೆಲ್ಲ ನಿಜ’ ಎಂದು ಮಗಳೇ ಸಹಿ ಮಾಡುತ್ತಾಳೆ, ನೀವಲ್ಲ. ಆ ಟಿಕ್ ಎಷ್ಟು ದೂರ ಬರುತ್ತದೆ ನೋಡಿ. ನ್ಯೂಯಾರ್ಕ್ ಮೇಯರ್ ಚುನಾವಣೆಗೆ ನಿಂತಿದ್ದ ಜೊಹ್ರಾನ್ ಮಮ್ದಾನಿ 2009ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹಾಕಿದ್ದ ಅರ್ಜಿ 2025ರಲ್ಲಿ ಸುದ್ದಿಯಾಯಿತು. ಹುಟ್ಟಿದ್ದು ಉಗಾಂಡಾದ ಕಂಪಾಲದಲ್ಲಿ, ಅಪ್ಪ-ಅಮ್ಮ ಭಾರತೀಯ ಮೂಲದವರು. ಹುಡುಗ ಏಷ್ಯನ್, ಬ್ಲ್ಯಾಕ್ ಎರಡಕ್ಕೂ ಟಿಕ್ ಹಾಕಿದ್ದ. ತನ್ನಂಥವರಿಗೆ ಸರಿಯಾದ ಬಾಕ್ಸೇ ಇರಲಿಲ್ಲ ಎಂದು ಅವರು ವಿವರಣೆ ಕೊಡಬೇಕಾಯಿತು. ಸೀಟಂತೂ ಸಿಕ್ಕಿರಲಿಲ್ಲ.

ಬಾಕ್ಸ್ ಇಲ್ಲ ಎಂಬ ದೂರು ಹಳೆಯದು. 1930ರ ಅಮೆರಿಕದ ಜನಗಣತಿಯಲ್ಲಿ ನಮ್ಮವರ ರೇಸ್ ‘ಹಿಂದೂ’ ಎಂದಿತ್ತು. ಸಿಖ್ಖರಾಗಲಿ, ಮುಸಲ್ಮಾನರಾಗಲಿ, ಎಲ್ಲರೂ ಹಿಂದೂ! 1970ರಲ್ಲಿ ನಮ್ಮನ್ನು ವೈಟ್ ಎಂದು ಎಣಿಸಿದರು. 1980ಕ್ಕೆ ‘ಏಷ್ಯನ್ ಇಂಡಿಯನ್’ ಬಂತು. ಒಂದಕ್ಕಿಂತ ಹೆಚ್ಚು ರೇಸ್ ಹೇಳಿಕೊಳ್ಳಲು ಬಿಟ್ಟಿದ್ದು 2000ದ ಜನಗಣತಿಯಲ್ಲೇ ಮೊದಲು. 2020ರ ಹೊತ್ತಿಗೆ ಹಾಗೆ ಹೇಳಿಕೊಂಡವರು 3.38 ಕೋಟಿ, ನೂರಕ್ಕೆ ಹತ್ತು ಜನ.

ನಿಮ್ಮದು ಹೊಸ ಥರದ ಸಂಸಾರ ಅಂತಲೂ ಅಂದುಕೊಳ್ಳಬೇಡಿ. ಸುಮಾರು ನೂರು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿಯಲ್ಲಿ ಹತ್ತಿ ಬೆಳೆಯುತ್ತಿದ್ದ ಪಂಜಾಬಿ ರೈತರು ಮೆಕ್ಸಿಕೋ ಹೆಣ್ಣುಮಕ್ಕಳನ್ನು ಮದುವೆಯಾದರು. ಬಿಳಿಯರನ್ನು ಆಗುವಂತಿರಲಿಲ್ಲ, ಕಾನೂನು ಅಡ್ಡವಿತ್ತು. ಕೌಂಟಿ ಕಚೇರಿಯ ಗುಮಾಸ್ತ ಗಂಡು-ಹೆಣ್ಣು ಇಬ್ಬರ ಮುಖ ನೋಡಿ ಲೈಸೆನ್ಸ್‌ನಲ್ಲಿ ರೇಸ್ ಎಂಬಲ್ಲಿ ‘ಬ್ರೌನ್’ ಎಂದು ಬರೆದುಕೊಡುತ್ತಿದ್ದ. ಕೆಲಸ ಮುಗಿಯಿತು. ಆ ಮಕ್ಕಳಿಗೆ ಸ್ಪ್ಯಾನಿಷ್ ಹೆಸರು, ಹಿಂದೆ ಸಿಂಗ್. ಅವರ ಮೊಮ್ಮಕ್ಕಳೂ ಇದೇ ಪುಟದ ಮುಂದೆ ಕೂತಿರುತ್ತಾರೆ.

ಇನ್ನು ಅರ್ಜಿಯ ಜೊತೆ ಬರೆಯುವ ಪ್ರಬಂಧದ ವಿಷಯ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರೇಸ್ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ವಿದ್ಯಾರ್ಥಿ ಬರೆದುಕೊಂಡರೆ ಕಾಲೇಜು ಅದನ್ನು ಓದಬಹುದು ಎಂದು ಅದೇ 2023ರ ತೀರ್ಪು ಹೇಳಿದೆ. ಟಿಕ್‌ಗೆ ಬೆಲೆ ಹೋಯಿತು, ಕತೆಗೆ ಉಳಿಯಿತು. ಇದು ಗೊತ್ತಾಗಿದ್ದೇ ತಡ, ಮನೆಮನೆಯಲ್ಲೂ ‘ನಾನು ಎರಡು ಸಂಸ್ಕೃತಿಗಳ ಸೇತುವೆ’ ಎಂಬ ಪ್ರಬಂಧ ಶುರುವಾಗಿದೆ. ಒಂದು ಕೈಯಲ್ಲಿ ಒಬ್ಬಟ್ಟು, ಇನ್ನೊಂದು ಕೈಯಲ್ಲಿ ತಮಾಲೆ. ಓದುವವರಿಗೂ ಸಾಕಾಗಿರುತ್ತದೆ, ಪಾಪ.

ನಿಮ್ಮ ಪತ್ರದ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ನಾಲ್ಕು ಸಾಲು ಸೇರಿಸಿದ್ದೀರಿ. ಮೇಲೆ ಅಚ್ಚು ಹಾಕಿಲ್ಲ, ಆದರೆ ಇಲ್ಲಿ ಹೇಳದೆ ಇರಲಾರೆ. ಆಗ ಅವಳಿಗೆ ಹನ್ನೆರಡು. ಇಬ್ಬರು ಅಜ್ಜಿಯರೂ ಅಡುಗೆಮನೆಯಲ್ಲಿ ತಮ್ಮ ತಮ್ಮ ಬಿಪಿ ಮಾತ್ರೆ ಹಿಡಿದು ಕೂತಿದ್ದರು. ಊಟಕ್ಕೆ ಮುಂಚೆಯೋ ಆಮೇಲೋ ಎಂದು ತಿಪಟೂರಿನ ಅಜ್ಜಿ ಕನ್ನಡದಲ್ಲಿ ಕೇಳಿದರು. ಇವಳು ಅದನ್ನು ಸ್ಪ್ಯಾನಿಷ್‌ನಲ್ಲಿ ಆ ಅಜ್ಜಿಗೆ ಕೇಳಿದಳು. ಆ ಅಜ್ಜಿ ಕೊಟ್ಟಿದ್ದು ಉದ್ದದ ಉತ್ತರ, ಅದರಲ್ಲಿ ತೀರಿಹೋದ ಗಂಡನ ಕತೆಯೂ ಇತ್ತು. ಇವಳು ಕನ್ನಡದಲ್ಲಿ ‘ಆಮೇಲೆ ಅಂತೆ ಅಜ್ಜಿ’ ಎಂದಳು, ಮಿಕ್ಕಿದ್ದನ್ನು ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಅವಳನ್ನು ಯಾವತ್ತಾದರೂ ಕೇಳಿದ್ದೀರಾ?