ಅಮೆರಿಕದ ರಿಕನ್‌ಬ್ಯಾಕರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್ ನೀವು ಮೊದಲು ನೋಡಿದ್ದು ಯಾವಾಗ? ಹಳೆಯದು ಸಿಕ್ಕರೆ ತಗೊಳ್ಳಲಾ, ಹೊಸದಕ್ಕೆ ಕಾಯಲಾ?

ಹಳೇ ವಿಡಿಯೋ ಒಂದರಲ್ಲಿ ನೋಡಿದಿರಿ, ಅವತ್ತಿನಿಂದ ಅದೇ ಗುಂಗು, ಈಗ 1970ರ ದಶಕದ 12 ತಂತಿಯದ್ದೊಂದು ಮಾರಾಟಕ್ಕಿದೆ. ಅಲ್ವಾ? ಈ ಪ್ರಶ್ನೆಯನ್ನು ನಾನೇ ಬರೆದ ಹಾಗಿದೆ. ನನ್ನ ಕಥೆ ಕೇಳಿ.

ನನಗೆ ಆಗ 14 ವರ್ಷ. ಗೆಳೆಯನ ಮನೆಯಲ್ಲಿ ವಿಸಿಆರ್ ಇತ್ತು. ಅವನ ಅಣ್ಣ ಎಲ್ಲಿಂದಲೋ ಒಂದು ಕ್ಯಾಸೆಟ್ ತಂದಿದ್ದ. ಅದರಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡ ವೇದಿಕೆ ಮೇಲೆ ಹಾಡುವ ಕಪ್ಪು ಬಿಳುಪಿನ ತುಣುಕುಗಳಿದ್ದವು. ಒಳಗೆ ಅವನ ಅಜ್ಜಿ ಹುಷಾರಿಲ್ಲದೆ ಮಲಗಿದ್ದರು. ಸದ್ದು ಬಂದರೆ ಟಿವಿ ಬಂದ್ ಅಂತ ಮೊದಲೇ ಹೇಳಿದ್ದರು. ಹಾಗಾಗಿ ದನಿಯನ್ನು ಪೂರ್ತಿ ಇಳಿಸಿ, ಮೂಗು ತಾಗುವಷ್ಟು ಹತ್ತಿರ ಕೂತು ನೋಡಿದೆವು. ಆ ತಂಡದ ಜಾರ್ಜ್ ಹ್ಯಾರಿಸನ್ ಕೈಯಲ್ಲಿ ಒಂದು ಗಿಟಾರ್ ಇತ್ತು. ಅಂಥದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲೇ ಇಲ್ಲ. ಮೈ ಮೇಲೆ ಓರೆಯಾಗಿ ಸೀಳಿದ ಒಂದೇ ಒಂದು ಕಿಂಡಿ. ಬೆರಳೊತ್ತುವ ಹಲಗೆ, ಅಂದರೆ ಫ್ರೆಟ್‌ಬೋರ್ಡ್ ಉದ್ದಕ್ಕೂ ಸಾಲು ತ್ರಿಕೋನಗಳು. ಗಿಟಾರಿನ ತಲೆಯ ಮೇಲೆ ಚೂರಿಯ ಅಲಗಿನಂಥ ತಿಳಿ ಬಣ್ಣದ ಪಟ್ಟಿ, ಅದರ ಮೇಲೆ ಏನೋ ಬರೆದಿದೆ, ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದರೂ ಓದಲು ಆಗುತ್ತಿಲ್ಲ. ಆ ಸಂಜೆಯೆಲ್ಲ ಅದೊಂದೇ ಕೆಲಸ. ಹ್ಯಾರಿಸನ್ ಬೆರಳು ಓಡುತ್ತಿವೆ, ನಮಗೆ ಕೇಳುತ್ತಿರುವುದು ಫ್ಯಾನಿನ ಸದ್ದು ಮಾತ್ರ.

ಅಂದರೆ ನಾನು ಮೊದಲ ಸಲ ಕಂಡ ರಿಕನ್‌ಬ್ಯಾಕರ್‌ಗೆ ದನಿಯೇ ಇರಲಿಲ್ಲ.

ಮನೆಗೆ ಬಂದು ನೋಟ್ ಪುಸ್ತಕದ ಹಿಂಬದಿಯಲ್ಲಿ ಅದರ ಚಿತ್ರ ಬರೆದೆ. ಟಿವಿಯಲ್ಲಿ ಕಂಡ ಹಾಗೆ ಕಪ್ಪು ಪೆನ್ಸಿಲ್ ತಿಕ್ಕಿ ಬಣ್ಣ ತುಂಬಿದೆ. ಅದು ಕಪ್ಪಲ್ಲ, ಅಂಚಿನಲ್ಲಿ ಕೆಂಪಾಗಿ ನಡುವೆ ಹಳದಿಗೆ ತಿರುಗುವ ಬಣ್ಣ, ಅದಕ್ಕೆ ಫೈರ್‌ಗ್ಲೋ ಅನ್ನುತ್ತಾರೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಒಂದು ಪತ್ರಿಕೆಯಲ್ಲಿ ಬಣ್ಣದ ಚಿತ್ರ ನೋಡಿದ ದಿನ ನನಗೆ ನಿಜವಾಗಿ ಕಣ್ಣು ತುಂಬಿ ಬಂತು.

ಹೀಗೆ ಕಣ್ಣಿನಿಂದಲೇ ಮರುಳಾಗಿದ್ದು ನೀವು, ನಾನು ಇಬ್ಬರೇ ಅಲ್ಲ. ಬೀಟಲ್ಸ್ ತಂಡದ ಜಾನ್ ಲೆನನ್ ಅವರಿಗೆ ಈ ಗಿಟಾರಿನ ಆಸೆ ಹುಟ್ಟಿಸಿದ್ದು ಟೂಟ್ಸ್ ಥೀಲ್‌ಮನ್ಸ್. ಅವರು ಬೆಲ್ಜಿಯಂನ ಜಾಜ್ ಕಲಾವಿದರು. ಈಗ ಮೌತ್ ಆರ್ಗನ್‌ಗಾಗಿ ಜಾಸ್ತಿ ನೆನಪಾಗುತ್ತಾರೆ, ಆದರೆ ಪಿಯಾನೋ ವಾದಕ ಜಾರ್ಜ್ ಶಿಯರಿಂಗ್ ತಂಡದಲ್ಲಿ ರಿಕನ್‌ಬ್ಯಾಕರ್ ನುಡಿಸುತ್ತಿದ್ದರು. ಲೆನನ್ 1960ರಲ್ಲಿ ಹ್ಯಾಂಬರ್ಗ್‌ನಲ್ಲಿ ತಮ್ಮ ಮೊದಲ ರಿಕನ್‌ಬ್ಯಾಕರ್ ಕೊಂಡರು. ಅದು 325 ಅನ್ನುವ ಮಾದರಿ, ಸ್ಕೇಲ್ (ತಂತಿ ಮಿಡಿಯುವ ಉದ್ದ) ಬರೀ 20¾ ಇಂಚಿನ ಪುಟ್ಟ ಗಿಟಾರ್. 1964ರ ಫೆಬ್ರವರಿ 9ರಂದು ಅಮೆರಿಕದ ಟಿವಿಯ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಅವರ ಎದೆಗೆ ಆತುಕೊಂಡಿದ್ದದ್ದು ಅದೇ. ಸುಮಾರು 7 ಕೋಟಿ 30 ಲಕ್ಷ ಜನ ನೋಡಿದ ಕಾರ್ಯಕ್ರಮ ಅದು. ಅವರಲ್ಲಿ ಎಷ್ಟು ಮಕ್ಕಳು ಮಾರನೇ ದಿನ ನನ್ನ ಹಾಗೆ ನೋಟ್ ಪುಸ್ತಕದಲ್ಲಿ ಗಿಟಾರ್ ಬರೆದರೋ ಅಂತ ಈಗಲೂ ಯೋಚಿಸುತ್ತೇನೆ. ಆ ಕಾರ್ಯಕ್ರಮದ ಹಿಂದಿನ ದಿನ ನ್ಯೂಯಾರ್ಕ್‌ನ ಹೋಟೆಲ್ ಒಂದರಲ್ಲಿ ಕಂಪನಿಯ ಮಾಲೀಕ ಫ್ರಾನ್ಸಿಸ್ ಹಾಲ್ ತಮ್ಮ ವಾದ್ಯಗಳನ್ನು ತಂದು ತೋರಿಸಿದರು. ಹ್ಯಾರಿಸನ್ ಗಂಟಲು ಕೆಟ್ಟು ಮಲಗಿದ್ದರು. 12 ತಂತಿಯ 360 ಮಾದರಿಯದ್ದನ್ನು ಅವರಿದ್ದ ಕಡೆಗೇ ಒಯ್ದು ಕೈಗಿಟ್ಟರು.

ನನಗೆ ತುಂಬಾ ಇಷ್ಟವಾದ ನೆನಪು ಮಾತ್ರ ಅಮೆರಿಕದ ಗಾಯಕ ರೋಜರ್ ಮೆಗ್ವಿನ್ ಅವರದು. ಬೀಟಲ್ಸ್ ತಂಡದ ‘ಎ ಹಾರ್ಡ್ ಡೇಸ್ ನೈಟ್’ ಸಿನಿಮಾ ನೋಡುತ್ತಾ ಕೂತಿದ್ದಾರೆ. ಹ್ಯಾರಿಸನ್ ಗಿಟಾರ್ ಎದುರಿನಿಂದ ಆರು ತಂತಿಯದ್ದರ ಹಾಗೇ ಕಾಣುತ್ತದೆ. ಹ್ಯಾರಿಸನ್ ಪಕ್ಕಕ್ಕೆ ತಿರುಗಿದಾಗ ಹಿಂದೆ ತಂತಿ ಬಿಗಿಯುವ ಕಿವಿಗಳು ಇನ್ನೂ ಆರು ಕಂಡವು. ಈ ಗಿಟಾರಿನ ತಲೆಯೇ ಹಾಗೆ, ಆರು ಕಿವಿ ಬದಿಗೆ, ಆರು ಕಿವಿ ಹಿಂದಕ್ಕೆ, ಹಾಗಾಗಿ ತಲೆ ಉದ್ದವಾಗಲಿಲ್ಲ. ಮೆಗ್ವಿನ್ ತಮ್ಮ ಬ್ಯಾಂಜೋ ಮತ್ತು 12 ತಂತಿಯ ಅಕೂಸ್ಟಿಕ್ ಗಿಟಾರ್ ಎರಡನ್ನೂ ಕೊಟ್ಟು ಅಂಥದ್ದನ್ನು ತಗೊಂಡರು. ಅವರ ತಂಡ ಬರ್ಡ್ಸ್ 1965ರಲ್ಲಿ ಹಾಡಿದ ‘ಮಿಸ್ಟರ್ ಟ್ಯಾಂಬರಿನ್ ಮ್ಯಾನ್’ ಶುರುವಾಗುವುದೇ ಆ ಗಿಟಾರಿನಿಂದ.

ಇದೆಲ್ಲ ನನಗೆ ಬಾಯಿಪಾಠ ಆಗಿತ್ತು. 1932ರಲ್ಲೇ ಈ ಕಂಪನಿ ‘ಫ್ರೈಯಿಂಗ್ ಪ್ಯಾನ್’ ಅನ್ನುವ ಎಲೆಕ್ಟ್ರಿಕ್ ಗಿಟಾರ್ ಮಾರಿತ್ತು ಅನ್ನುವುದು ಗೊತ್ತಿತ್ತು. ಬೇರೆ 12 ತಂತಿ ಗಿಟಾರ್‌ಗಳಲ್ಲಿ ಕೈ ಕೆಳಗೆ ಬೀಸಿದಾಗ ಜೋಡಿ ತಂತಿಗಳಲ್ಲಿ ಮೊದಲು ಸಣ್ಣ ತಂತಿ ತಾಗುತ್ತದೆ, ರಿಕನ್‌ಬ್ಯಾಕರ್‌ನಲ್ಲಿ ಮೊದಲು ದಪ್ಪ ತಂತಿ ತಾಗಿ ಆಮೇಲೆ ಸಣ್ಣದು ತಾಗುತ್ತದೆ, ಆ ಮಿಂಚಿನಂಥ ದನಿಗೆ ಅದೂ ಒಂದು ಕಾರಣ ಅನ್ನುವುದೂ ಗೊತ್ತಿತ್ತು. ಯಾರಾದರೂ ನಡುರಾತ್ರಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಆದರೆ ಆ ಗಿಟಾರನ್ನು ಒಂದು ಸಲವೂ ಕೈಯಲ್ಲಿ ಹಿಡಿದಿರಲಿಲ್ಲ.

20 ವರ್ಷ ಆದ ಮೇಲೆ ನಿಮ್ಮ ಹಾಗೇ 1970ರ ದಶಕದ್ದೊಂದು ಸಿಕ್ಕಿತು. ನುಡಿಸುವುದನ್ನು ಬಿಟ್ಟಿದ್ದ ಹಿರಿಯರೊಬ್ಬರು ಕೊಡುತ್ತೇನೆ ಅಂದರು. ಪೆಟ್ಟಿಗೆ ತೆರೆದಾಗ ಆ ಪಟ್ಟಿ ಕಂಡಿತು. ಈ ಸಲ ಅಕ್ಷರ ಓದಲು ಆಯಿತು. ಅಷ್ಟೇ ಸಾಕಾಯಿತು ನನಗೆ. ನುಡಿಸಿ ನೋಡಲೂ ಇಲ್ಲ, ತಂತಿಗಳು ಸಡಿಲಾಗಿ ತುಕ್ಕು ಹಿಡಿದಿದ್ದವು. ಹಣ ಕೊಟ್ಟು ಮನೆಗೆ ತಂದೆ.

ಈಗ ನಾನು ಮಾಡಿದ ತಪ್ಪಿನ ಮಾತು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅವತ್ತೇ ಹೊಸ ತಂತಿ ಹಾಕಿ ಶ್ರುತಿ ಮಾಡಿದೆ. ವರ್ಷಗಟ್ಟಲೆ ಸಡಿಲವಾಗಿದ್ದ ನೆಕ್ (ಗಿಟಾರಿನ ಕತ್ತು) ಮೇಲೆ ಒಮ್ಮೆಲೇ 12 ತಂತಿಗಳ ಎಳೆತ ಬಿತ್ತು. ಎರಡು ದಿನದಲ್ಲಿ ನೆಕ್ ಬಿಲ್ಲಿನ ಹಾಗೆ ಮುಂದಕ್ಕೆ ಬಾಗಿತು. ತಂತಿ ಮೇಲೆದ್ದು, ಒತ್ತಿದರೆ ಬೆರಳು ನೋಯುತ್ತಿತ್ತು. ನೆಕ್ ಬಾಗಿದರೆ ಅದರೊಳಗಿನ ಕಬ್ಬಿಣದ ಸಲಾಕೆ, ಅಂದರೆ ಟ್ರಸ್ ರಾಡ್ ಬಿಗಿ ಮಾಡಬೇಕು ಅನ್ನುವುದು ಗಿಟಾರ್ ನುಡಿಸುವ ಎಲ್ಲರಿಗೂ ಗೊತ್ತು. ನನ್ನ ಬೇರೆ ಗಿಟಾರ್‌ಗಳಿಗೆ ನಾನೇ ಎಷ್ಟೋ ಸಲ ಮಾಡಿದ್ದೆ. ಆ ಚೂರಿಯಂಥ ಪಟ್ಟಿ ಇದೆಯಲ್ಲ, ಅದರ ಅಡಿಯಲ್ಲೇ ರಾಡಿನ ನಟ್ಟು ಇರುವುದು. ಸ್ಕ್ರೂ ಬಿಚ್ಚಿದೆ. ಒಳಗೆ ಒಂದಲ್ಲ, ಎರಡು ನಟ್ಟು ಅಕ್ಕಪಕ್ಕ ಕೂತಿದ್ದವು. ದಪ್ಪ ತಂತಿಗಳ ಬದಿಗೆ ಒಂದು ರಾಡ್, ಸಣ್ಣ ತಂತಿಗಳ ಬದಿಗೆ ಇನ್ನೊಂದು. ಇರಲಿ ಅಂತ ಒಂದಕ್ಕೆ ಸ್ಪ್ಯಾನರ್ ಹಾಕಿ ಕಾಲು ಸುತ್ತು ತಿರುಗಿಸಿದೆ. ಏನೂ ಬದಲಾಗಲಿಲ್ಲ. ಇನ್ನೊಂದಕ್ಕೂ ಕಾಲು ಸುತ್ತು. ಏನೂ ಇಲ್ಲ. ಮತ್ತೆ ಕಾಲು ಸುತ್ತು. ಈ ಸಲ ಬಿಗಿಯಾಗಿತ್ತು, ಕೈಗೆ ಬಲ ಹಾಕಬೇಕಾಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಟಕ್ ಅಂತ ಒಂದು ಸದ್ದು ಬಂತು. ಒಣ ಕಡ್ಡಿ ಮುರಿದ ಹಾಗೆ.

ನೋಡಿದರೆ, ತಲೆಯ ಕಡೆ ಫ್ರೆಟ್‌ಬೋರ್ಡ್ ನೆಕ್‌ನಿಂದ ಬಿಟ್ಟುಕೊಂಡು ಮೇಲೆದ್ದಿತ್ತು.

ಯಾಕೆ ಹೀಗಾಯಿತು ಅಂತ ರಿಪೇರಿಯವರು ನನ್ನನ್ನು ಎದುರಿಗೆ ಕೂರಿಸಿ ಹೇಳಿದರು. ನಮಗೆ ಅಭ್ಯಾಸ ಇರುವ ಗಿಟಾರ್‌ಗಳಲ್ಲಿ ನಟ್ಟು ತಿರುಗಿಸಿದರೆ ರಾಡೇ ನೆಕ್ಕನ್ನು ಎಳೆದು ನೇರ ಮಾಡುತ್ತದೆ. ಹಳೆಯ ರಿಕನ್‌ಬ್ಯಾಕರ್‌ನ ರಾಡ್ ಹಾಗಲ್ಲ. ಅದು ಹೇರ್‌ಪಿನ್ ಹಾಗೆ ಮಡಚಿದ ಕಬ್ಬಿಣ. ಒಂದರ ಮೇಲೊಂದು ಎರಡು ಎಳೆ ಇರುತ್ತವೆ. ನಟ್ಟು ಬಿಗಿಯಾದಾಗ ಆ ಕಬ್ಬಿಣ ತಾನೇ ಬಾಗಲು ನೋಡುತ್ತದೆ. ನೆಕ್ ಅದರ ಜೊತೆ ಬಾಗಲು ತಯಾರಿಲ್ಲದಿದ್ದರೆ ಆ ಬಲವೆಲ್ಲ ಹೋಗಿ ಫ್ರೆಟ್‌ಬೋರ್ಡನ್ನು ಕೆಳಗಿನಿಂದ ಒತ್ತುತ್ತದೆ. ಅಂಟು ಎಷ್ಟು ಹೊತ್ತು ತಡೆದೀತು? ಹಾಗಾಗಿ ಇದರಲ್ಲಿ ಕೆಲಸ ಉಲ್ಟಾ. ಮೊದಲು ತಂತಿ ಸಡಿಲಿಸಬೇಕು. ನಟ್ಟುಗಳನ್ನೂ ಸಡಿಲಿಸಬೇಕು. ಆಮೇಲೆ ನೆಕ್ಕನ್ನು ಕೈಯಿಂದಲೇ ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಬೇಕಾದ ಆಕಾರಕ್ಕೆ ತಂದು ಹಿಡಿದುಕೊಳ್ಳಬೇಕು. ಆಗ ಎರಡೂ ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಕೈ ಕೊಟ್ಟ ಆಕಾರ ಹಾಗೇ ನಿಲ್ಲುವಷ್ಟು ಮಾತ್ರ ಬಿಗಿ ಮಾಡಬೇಕು. ಅವರು ಹೇಳಿದ್ದು ಇಷ್ಟೇ: "ಬಗ್ಗಿಸೋದು ಕೈ. ನಟ್ಟು ಬರೀ ಹಿಡ್ಕೊಳ್ಳೋಕೆ." 1980ರ ದಶಕದಲ್ಲಿ ಕಂಪನಿ ರಾಡನ್ನು ಬದಲಿಸಿತು. ಆಮೇಲಿನವುಗಳಲ್ಲಿ ನಟ್ಟು ತಿರುಗಿಸಿಯೇ ಸರಿ ಮಾಡಬಹುದು. ನನ್ನದು ಅದಕ್ಕೂ ಮೊದಲಿನದು. ನೀವು ನೋಡಿರುವುದೂ ಮೊದಲಿನದೇ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ನಾಲ್ಕು ತಿಂಗಳು ಗಿಟಾರ್ ಅವರ ಬಳಿಯೇ ಇತ್ತು. ಅಂಟು ಹಾಕಿ, ಕ್ಲ್ಯಾಂಪ್ ಬಿಗಿದು, ಒಣಗಿಸಿ, ಮತ್ತೆ ನೋಡಿ. ಈ ಗಿಟಾರ್‌ಗಳಲ್ಲಿ ಫ್ರೆಟ್‌ಬೋರ್ಡ್ ಮೇಲೂ ಹೊಳೆಯುವ ವಾರ್ನಿಷ್ ಇರುತ್ತದೆ. ಬಿಟ್ಟುಕೊಂಡ ಜಾಗದಲ್ಲಿ ಅದು ಸೀಳಿತ್ತು, ಆ ಗೆರೆ ಈಗಲೂ ಇದೆ. ಅದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ. ಆ ದಿನಗಳಲ್ಲೇ ನಮ್ಮ ತಂಡದ ಮೊದಲ ರೆಕಾರ್ಡಿಂಗ್ ಇತ್ತು. ಎರಡು ಹಾಡು ಈ ಗಿಟಾರಿಗಾಗಿಯೇ ಮಾಡಿದ್ದೆವು. ದಿನ ಮುಂದೆ ಹಾಕಲು ಆಗಲಿಲ್ಲ, ಬೇರೊಬ್ಬರು ಬೇರೆ ಗಿಟಾರಿನಲ್ಲಿ ನುಡಿಸಿದರು. ಚೆನ್ನಾಗಿಯೇ ನುಡಿಸಿದರು. ಆ ಹಾಡುಗಳನ್ನು ಈಗಲೂ ನಾನು ಪೂರ್ತಿ ಕೇಳುವುದಿಲ್ಲ.

ನಟ್ಟು ತಿರುಗಿಸಿದ್ದೇ ನನ್ನ ತಪ್ಪು ಅಂತ ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ತಪ್ಪು ಅದಕ್ಕಿಂತ ಮುಂಚೆಯೇ ಆಗಿತ್ತು. 14ನೇ ವಯಸ್ಸಿನಲ್ಲಿ ದನಿಯಿಲ್ಲದ ಟಿವಿಯಲ್ಲಿ ನೋಡಿ, 20 ವರ್ಷ ಅದರ ಬಗ್ಗೆ ಓದಿ, ನನಗೆ ಈ ಗಿಟಾರ್ ಗೊತ್ತು ಅಂದುಕೊಂಡುಬಿಟ್ಟಿದ್ದೆ. ಹಾಗಾಗಿ ಕೊಟ್ಟವರನ್ನು ಒಂದು ಮಾತೂ ಕೇಳಲಿಲ್ಲ. ಇದನ್ನು ಯಾರು ನೋಡಿಕೊಳ್ಳುತ್ತಿದ್ದರು, ಯಾವ ತಂತಿ ಹಾಕುತ್ತಿದ್ದರು, ನೆಕ್ ಸರಿ ಮಾಡಿಸಿದ್ದು ಯಾವಾಗ? ಕೇಳಿದ್ದರೆ ಹೇಳುತ್ತಿದ್ದರು, ಅವರು 30 ವರ್ಷ ಅದನ್ನು ನುಡಿಸಿದವರು. ನಾನು ಆ ಪಟ್ಟಿಯನ್ನೇ ನೋಡುತ್ತಾ ನಿಂತಿದ್ದೆ.

ಅದಕ್ಕೇ ನಿಮ್ಮ "ಹಳೆಯದಾ, ಹೊಸದಾ" ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ನೀವು ಇನ್ನೂ ಗಿಟಾರನ್ನು ಆರಿಸುವ ಹಂತಕ್ಕೇ ಬಂದಿಲ್ಲ. ಒಂದು ವಿಡಿಯೋವನ್ನು ಕೊಳ್ಳಲು ಹೊರಟಿದ್ದೀರಿ. ಆ ವಿಡಿಯೋದಲ್ಲಿ ಕೇಳಿದ ದನಿಯೇ ಬೇಕು ಅಂತಲೂ ಬರೆದಿದ್ದೀರಿ. ಮೆಗ್ವಿನ್ ಅವರ ಆ ಹೆಸರಾದ ದನಿಯಲ್ಲಿ ಗಿಟಾರಿನದ್ದು ಎಷ್ಟೋ, ರೆಕಾರ್ಡಿಂಗ್‌ನಲ್ಲಿ ಹಾಕಿದ ಕಂಪ್ರೆಸರ್ ಅನ್ನುವ ಯಂತ್ರದ್ದೂ ಅಷ್ಟೇ. ಒಂದು ಸ್ವರ ಬೇಗ ಸಾಯದೆ ಗಂಟೆಯ ಹಾಗೆ ನಿಲ್ಲುತ್ತದಲ್ಲ, ಅದು ಕಂಪ್ರೆಸರ್ ಕೆಲಸ. ಬರೀ ಗಿಟಾರನ್ನು ಆಂಪ್ಲಿಫೈಯರ್‌ಗೆ ಸಿಕ್ಕಿಸಿದರೆ ದನಿ ಚಿಕ್ಕದಾಗಿ, ಚುರುಕಾಗಿ, ಬೇಗ ಮುಗಿದುಹೋಗುತ್ತದೆ. ನನಗೆ ಆ ದನಿಯೂ ಪ್ರಾಣ. ನಿಮಗೆ ಹೇಗೋ ಗೊತ್ತಿಲ್ಲ, ಅದನ್ನು ನಿಮ್ಮ ಕಿವಿಯೇ ಹೇಳಬೇಕು.

ಯಾರದಾದರೂ ಒಂದನ್ನು, ಯಾವ ವರ್ಷದ್ದಾದರೂ ಸರಿ, ಒಂದು ಗಂಟೆ ಕೇಳಿ ಪಡೆಯಿರಿ. ನುಡಿಸುವಾಗ ಕನ್ನಡಿ ಮುಂದೆ ಕೂರಬೇಡಿ. ಕಣ್ಣು ಮುಚ್ಚಿಕೊಳ್ಳಿ. ತಲೆಯ ಹತ್ತಿರ ನೆಕ್ 1.63 ಇಂಚು ಅಗಲ ಮಾತ್ರ, ಅಷ್ಟರಲ್ಲೇ 12 ತಂತಿ ತುಂಬಿರುತ್ತವೆ. ದಪ್ಪ ಬೆರಳಿನವರಿಗೆ ಪಕ್ಕದ ತಂತಿಗೆ ತಾಗದೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಹಿಡಿಯುವುದು ನಿಜಕ್ಕೂ ಕಷ್ಟ. ಬೆರಳು ಕೂರದಿದ್ದರೆ ಆರು ತಂತಿಯ 330 ಅಥವಾ 360 ನೋಡಿ, ಅದರಲ್ಲಿ ಯಾವ ಕೊರತೆಯೂ ಇಲ್ಲ. ಆರು ತಂತಿಯದ್ದು ಯಾಕೆ ಅಂತ ಯಾರಾದರೂ ಕೇಳಿದರೆ ತಲೆ ಕೆಡಿಸಿಕೊಳ್ಳಬೇಡಿ.

ಇಷ್ಟಾದ ಮೇಲೂ ಆ ಹಳೆಯದೇ ಬೇಕು ಅನಿಸಿದರೆ, ನಾನು ಬೇಡ ಅನ್ನುವುದಿಲ್ಲ. ನನ್ನದನ್ನು ಇವತ್ತಿಗೂ ದಿನಾ ನುಡಿಸುತ್ತೇನೆ. ಆದರೆ ಹಣ ಕೊಡುವ ಮೊದಲು ತಂತಿಗಳನ್ನು ಪೂರ್ತಿ ಶ್ರುತಿಯಲ್ಲಿ ಒಂದು ದಿನ ಬಿಡಲು ಹೇಳಿ, ಮಾರನೇ ದಿನ ಹೋಗಿ ನೋಡಿ. ತಲೆಯ ಕಡೆ ಫ್ರೆಟ್‌ಬೋರ್ಡ್ ಮತ್ತು ನೆಕ್ ಸೇರುವ ಗೆರೆಯ ಮೇಲೆ, ಎರಡೂ ಬದಿಗೆ, ತೆಳು ಕಾಗದದ ಅಂಚನ್ನು ಮೆಲ್ಲಗೆ ಓಡಿಸಿ. ಎಲ್ಲಾದರೂ ಕಾಗದ ಒಳಗೆ ಹೋದರೆ ಅಲ್ಲಿ ಅಂಟು ಬಿಟ್ಟಿದೆ ಅಂತ ಅರ್ಥ. ಆಮೇಲೆ ಪಟ್ಟಿಯನ್ನು ಅವರ ಕೈಯಿಂದಲೇ ಬಿಚ್ಚಿಸಿ, ನಟ್ಟಿನ ಮೂಲೆಗಳು ಸವೆದಿವೆಯಾ ನೋಡಿ. ಸವೆದಿದ್ದರೆ ನನ್ನ ಹಾಗೆ ಯಾರೋ ಬಲ ಹಾಕಿದ್ದಾರೆ. ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ನೀವು ಮಾತ್ರ ಸ್ಪ್ಯಾನರ್ ಮುಟ್ಟಬೇಡಿ.