ಖಜಾನೆ, ಗುಂಡಿ ಮತ್ತು ಹತ್ತು ರೂಪಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

● ಫೆಬ್ರವರಿವರೆಗೆ ನಮ್ಮ ಬಡಾವಣೆ ಕಡೆ ತಲೆ ಹಾಕದ ಇಂಜಿನಿಯರು, ಮಾರ್ಚ್ ಬಂದೊಡನೆ ಚೆನ್ನಾಗಿರುವ ರಸ್ತೆಗೇ ಮತ್ತೆ ಡಾಂಬರು ಹಾಕಿಸುತ್ತಾರೆ. ಯಾಕಪ್ಪಾ ಈ ಪ್ರೀತಿ?
– ತೆರಿಗೆ ಕಟ್ಟಿದವರು, ತುಮಕೂರು

ಪ್ರೀತಿಯಲ್ಲ, ಮಾರ್ಚ್ 31ರ ಭಯ. ಆ ವರ್ಷದ ಅನುದಾನದಲ್ಲಿ ಖರ್ಚಾಗದೆ ಉಳಿದ ಹಣ ಸಾಮಾನ್ಯವಾಗಿ ಆ ರಾತ್ರಿಗೇ ರದ್ದಾಗುತ್ತದೆ. ಹಾಗಾದರೆ ಏಪ್ರಿಲ್‌ನಲ್ಲೇ ಶುರು ಮಾಡಬಾರದೇ ಎಂದರೆ, ಕಾಗದ ಬಿಡುವುದಿಲ್ಲ. ಕ್ರಿಯಾ ಯೋಜನೆ ಆಗಬೇಕು, ಆಡಳಿತ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರು. ನಮ್ಮ ಟೆಂಡರು ಪಾರದರ್ಶಕತೆ ನಿಯಮದಂತೆ ಟೆಂಡರು ಹಾಕುವವರಿಗೆ ಕನಿಷ್ಠ ಇಷ್ಟು ದಿನ ಎಂದು ಕಾಲಾವಕಾಶ ಕೊಡಬೇಕು. ಅಷ್ಟರಲ್ಲಿ ಮಳೆಗಾಲ. ಮಳೆಯಲ್ಲಿ ಡಾಂಬರು ಹಾಕುವಂತಿಲ್ಲ. ಹಬ್ಬ ಮುಗಿಸಿ ಕಾರ್ಯಾದೇಶ ಕೈಗೆ ಬರುವಾಗ ಡಿಸೆಂಬರ್. ಖಜಾನೆಗೆ ಬಿಲ್ಲು ಸೇರಬೇಕಾದ್ದು ಮಾರ್ಚ್‌ನಲ್ಲಿ.

ಚೆನ್ನಾಗಿರುವ ರಸ್ತೆಯೇ ಯಾಕೆ? ಅಲ್ಲಿ ಕೆಲಸ ಸಲೀಸು. ಒತ್ತುವರಿ ಜಗಳವಿಲ್ಲ, ಒಡೆದ ಪೈಪಿಲ್ಲ, ಅಳತೆ ಎಂದರೆ ಉದ್ದ, ಅಗಲ, ದಪ್ಪ, ಅಷ್ಟೇ. ಕೆಟ್ಟ ರಸ್ತೆಗೆ ಚರಂಡಿಯಿಂದ ಶುರು ಮಾಡಬೇಕು. ಇನ್ನು ಹೊಸ ಡಾಂಬರು ಆರುವ ಮುನ್ನವೇ ನೀರಿನವರು ಬಂದು ಅಗೆಯುವುದು ಹಗೆತನದಿಂದಲ್ಲ. ಅವರ ಅನುದಾನ ಬೇರೆ, ಅವರ ಮಾರ್ಚ್ 31 ಮಾತ್ರ ಇದೇ.

● ರಾಜ್ಯದ ಬಜೆಟ್ 4 ಲಕ್ಷ ಕೋಟಿ ದಾಟಿತಂತೆ. ನನ್ನ ಪಾಲು ಎಷ್ಟು?
– ಗದಗದಿಂದ ಒಬ್ಬರು

2025-26ರ ಬಜೆಟ್ 4,09,549 ಕೋಟಿ. 2011ರ ಜನಗಣತಿಯ 6.11 ಕೋಟಿ ತಲೆಗೆ ಹಂಚಿದರೆ ತಲಾ ಸುಮಾರು 67,000 ರೂಪಾಯಿ. ಆಮೇಲೆ ಹುಟ್ಟಿದವರನ್ನೂ ಪಂಕ್ತಿಯಲ್ಲಿ ಕೂರಿಸಿದರೆ ಇನ್ನೂ ಕಡಿಮೆ. ಖುಷಿಪಡುವ ಮುನ್ನ ಇನ್ನೊಂದು ಸಾಲು ಓದಿ: ಆ ವರ್ಷ ಎತ್ತಲು ಹೊರಟ ಸಾಲ 1,16,000 ಕೋಟಿ. ಅಂದರೆ ನಿಮ್ಮ 67,000ದಲ್ಲಿ ಸುಮಾರು 19,000 ನಿಮ್ಮ ಹೆಸರಿನಲ್ಲೇ ತಂದ ಕೈಗಡ.

ನೂರು ರೂಪಾಯಿಯಲ್ಲಿ 76 ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ ಮುಂತಾದ ರಾಜಸ್ವ ವೆಚ್ಚಕ್ಕೆ. ಐದು ಗ್ಯಾರಂಟಿಗಳ ಸುಮಾರು ಹನ್ನೆರಡೂವರೆ ರೂಪಾಯಿಯನ್ನು ಹುಡುಕಬೇಕಾದ್ದೂ ಬಹುಪಾಲು ಇದರೊಳಗೇ. ರಸ್ತೆ, ಕಟ್ಟಡ, ನೀರಾವರಿಯಂಥ ಬಂಡವಾಳ ವೆಚ್ಚಕ್ಕೆ ಹದಿನೇಳೂವರೆ. ಹಳೇ ಸಾಲದ ಅಸಲಿಗೆ ಆರೂವರೆ. ಮುಂದಿನ ಸಲ ಟಿ.ವಿ. ಚರ್ಚೆಯಲ್ಲಿ ಯಾರಾದರೂ ‘ಎಲ್ಲ ಹಣವೂ’ ಎಂದಾಗ ಈ ನಾಲ್ಕು ಅಂಕಿ ನೆನಪಿಸಿಕೊಳ್ಳಿ, ರಿಮೋಟ್ ಹುಡುಕುವ ಶ್ರಮ ತಪ್ಪುತ್ತದೆ.

● 2025ರಲ್ಲಿ ಬಸ್ಸು, ಮೆಟ್ರೊ, ಹಾಲು, ಕರೆಂಟು ಎಲ್ಲ ಏರಿದವು. ಏರದೆ ಉಳಿದದ್ದೇನು?
– ಬೆಂಗಳೂರು

ನಿಮ್ಮ ಸಂಬಳ. ಬಸ್ಸಿಗೆ ಜನವರಿಯಲ್ಲಿ ಶೇ 15, ಮೆಟ್ರೊಗೆ ಫೆಬ್ರವರಿ, ಏಪ್ರಿಲ್ 1ರಿಂದ ಹಾಲಿಗೆ 4 ರೂಪಾಯಿ. ಅದೇ ದಿನದಿಂದ ಕರೆಂಟು ಬಿಲ್ಲಿಗೆ ಯೂನಿಟ್‌ಗೆ 36 ಪೈಸೆ ಸೇರಿತು. ಅದು ವಿದ್ಯುತ್ ಕಂಪನಿ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು. 250 ಯೂನಿಟ್ ಉರಿಸುವ ಮನೆಗೆ ತಿಂಗಳಿಗೆ 90 ರೂಪಾಯಿ.

● ನಮ್ಮ ಮನೆ ಮುಂದಿನ ಗುಂಡಿ ಮುಚ್ಚಿ ಮೂರೇ ವಾರ, ಮತ್ತೆ ಬಾಯಿ ತೆರೆದಿದೆ. ಸಾಮಾನು ಕಳಪೆಯೋ, ಕೆಲಸ ಕಳಪೆಯೋ?
– ಮಂಗಳೂರು

ಬಹಳ ಸಲ ಸಾಮಾನು ಸರಿ ಇರುತ್ತದೆ, ಕೆಡಿಸುವುದು ಅವಸರ. ಗುಂಡಿಯನ್ನು ಇದ್ದ ಆಕಾರದಲ್ಲಿ ತುಂಬಬಾರದು. ಮೊದಲು ಅಂಚನ್ನು ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ, ನೇರ ಗೋಡೆ ಬರುವಂತೆ ಕತ್ತರಿಸಬೇಕು. ಅಂಚು ತಟ್ಟೆಯ ಹಾಗೆ ಇಳಿಜಾರಾಗಿದ್ದರೆ ಅಲ್ಲಿ ಮಿಶ್ರಣ ತೆಳುವಾಗಿ, ಚಕ್ರಕ್ಕೆ ಸಿಕ್ಕಿ ಪುಡಿಯಾಗುತ್ತದೆ. ಆಮೇಲೆ ಮಣ್ಣು, ಸಡಿಲ ಜಲ್ಲಿ, ನೀರು ತೆಗೆದು ಒಣಗಿಸಬೇಕು. ತಳಕ್ಕೂ ಪಕ್ಕಕ್ಕೂ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ಬಳಿಯಬೇಕು, ಚದರ ಮೀಟರಿಗೆ 200ರಿಂದ 300 ಗ್ರಾಂ. ಹಚ್ಚುವಾಗ ಅದು ಕಂದು ಬಣ್ಣ. ಕಪ್ಪಾದ ಮೇಲೇ ಮಿಶ್ರಣ ಸುರಿಯಬೇಕು. ಕಂದಿರುವಾಗಲೇ ಸುರಿದರೆ ಒಳಗೆ ನೀರು ಉಳಿದು ಅಂಟು ಹಿಡಿಯುವುದಿಲ್ಲ.

ಬಿಸಿ ಮಿಶ್ರಣ ಹರಡುವಾಗ 140 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು, ರೋಲರ್ ಕೆಲಸ 90 ಡಿಗ್ರಿಗೆ ಇಳಿಯುವ ಮುನ್ನ ಮುಗಿಯಬೇಕು. ಬೆಳಿಗ್ಗೆ ಪ್ಲಾಂಟಿನಲ್ಲಿ ತುಂಬಿಸಿದ ಲಾರಿ ಹತ್ತು ಬೀದಿ ಸುತ್ತಿ ಮಧ್ಯಾಹ್ನ ನಿಮ್ಮಲ್ಲಿಗೆ ಬಂದರೆ ಅದು ಆರಿದ ಉಪ್ಪಿಟ್ಟು, ಎಷ್ಟು ತಟ್ಟಿದರೂ ಕೂಡಿಕೊಳ್ಳದು. ಹಾರೆಯ ಬೆನ್ನಿನಿಂದ ನಾಲ್ಕು ಏಟು ಹಾಕಿ, ‘ಉಳಿದದ್ದನ್ನು ವಾಹನಗಳು ತುಳಿಯುತ್ತವೆ’ ಎನ್ನುವವರನ್ನು ನಂಬಬೇಡಿ.

ಪ್ರಮಾಣದ ಅಂದಾಜೂ ಇರಲಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 50 ಮಿ.ಮೀ. ಆಳದ ಗುಂಡಿಗೆ ಒತ್ತಿ ಕೂರಿಸಿದ ಮೇಲೆ ಹಿಡಿಯುವುದು 115ರಿಂದ 120 ಕಿಲೊ. ಎರಡು ಬಾಣಲಿ ಸುರಿದು ಹೋದರೆ ಲೆಕ್ಕ ನಿಮಗೇ ಗೊತ್ತಾಗುತ್ತದೆ.

ಇಷ್ಟೆಲ್ಲ ಸರಿಯಾಗಿದ್ದೂ ಅದೇ ಜಾಗ ಪದೇ ಪದೇ ಕಿತ್ತರೆ ರಸ್ತೆ ಬಿಟ್ಟು ಚರಂಡಿ ನೋಡಿ. ಕರಾವಳಿ ಮಳೆಯಲ್ಲಿ ನೀರು ನಿಂತ ಕಡೆ ಯಾವ ಡಾಂಬರೂ ಬಾಳುವುದಿಲ್ಲ.

● ನಮ್ಮೂರ ರಸ್ತೆಗೆ ಎಷ್ಟು ಖರ್ಚಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ‘ಪ್ರಶ್ನೆ ಸ್ಪಷ್ಟವಿಲ್ಲ’ ಎಂದು ಹಿಂಬರಹ ಬಂತು. ಅರ್ಜಿ ಶುಲ್ಕದ ಹತ್ತು ರೂಪಾಯಿ ನೀರಿಗೆ ಹೋಯಿತೇ?
– ಹಾವೇರಿ ಜಿಲ್ಲೆ

ಇಲ್ಲ, ಆದರೆ ಕೇಳುವ ರೀತಿ ಬದಲಿಸಿ. ‘ಯಾಕೆ ಇಷ್ಟು ಖರ್ಚು?’, ‘ಇದು ಸರಿಯೇ?’ ಎಂದರೆ ಅವರು ಉತ್ತರಿಸಬೇಕಿಲ್ಲ. ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು, ಅಭಿಪ್ರಾಯವನ್ನಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ ಪೀಠಿಕೆ, ಗಾಂಧೀಜಿ, ಸಂವಿಧಾನ ಎಲ್ಲ ಬಿಟ್ಟು ನೇರ ಪಟ್ಟಿ ಕೊಡಿ: ಇಂಥ ಜಾಗದಿಂದ ಇಂಥ ಜಾಗದವರೆಗಿನ ರಸ್ತೆ ಕಾಮಗಾರಿ, ಇಂಥ ಆರ್ಥಿಕ ವರ್ಷ, ಮಂಜೂರಾದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಪಾವತಿಸಿದ ಬಿಲ್ಲುಗಳು, ಗುಣಮಟ್ಟ ಪರೀಕ್ಷಾ ವರದಿ, ಇವುಗಳ ದೃಢೀಕೃತ ಪ್ರತಿ. ಪುಟಕ್ಕೆ 2 ರೂಪಾಯಿ.

ಇವುಗಳಲ್ಲಿ ರುಚಿ ಇರುವುದು ಅಳತೆ ಪುಸ್ತಕದಲ್ಲಿ. ಬಿಲ್ಲು ಹುಟ್ಟುವುದೇ ಅಲ್ಲಿ. ಪುಸ್ತಕದಲ್ಲಿ 3.75 ಮೀಟರ್ ಅಗಲ ಎಂದಿದ್ದು, ಟೇಪು ಹಿಡಿದರೆ 3.20 ಬಂದರೆ ಭಾಷಣ ಬೇಕಿಲ್ಲ. ಕೆಲಸ ನಡೆಯುವಾಗಲೇ ಕಾಮಗಾರಿ ಪರಿಶೀಲಿಸಲು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಕೂಡ 2(ಜೆ) ಕಲಂ ಅವಕಾಶ ಕೊಡುತ್ತದೆ. ಈ ಕಲಂ ಬಳಸುವವರು ಕಡಿಮೆ.

ಕಚೇರಿ ತಪ್ಪಾಗಿದ್ದರೆ 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸುವುದು ಅವರ ಕೆಲಸ. 30 ದಿನ ಕಳೆದೂ ಉತ್ತರವಿಲ್ಲ ಅಥವಾ ಇಂಥ ಹಿಂಬರಹ ಬಂತು ಎಂದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಎಲ್ಲದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆಯಿಲ್ಲದ ಅರ್ಜಿ ಅವರ ಪಾಲಿಗೆ ಹುಟ್ಟಿಯೇ ಇಲ್ಲ.

● ಹೆಂಡತಿ ಬಸ್ಸಿನಲ್ಲಿ ಹಣ ಕೊಡಬೇಕಿಲ್ಲ, ಆದರೂ ಟಿಕೆಟ್ ಕೊಡುತ್ತಾರೆ. ಕಾಗದ ದಂಡ ಅಲ್ಲವೇ?
– ಹಣ ಕೊಟ್ಟು ನಿಂತು ಪ್ರಯಾಣಿಸುವವರು, ಚಿತ್ರದುರ್ಗ

ಆ ಶೂನ್ಯ ಟಿಕೆಟ್ಟೇ ಸಾರಿಗೆ ನಿಗಮದ ಬಿಲ್ಲು. 2023ರ ಜೂನ್ 11ರಿಂದ ನಡೆಯುತ್ತಿರುವ, ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆಯಲ್ಲಿ ಸರ್ಕಾರ ಹಣ ತುಂಬಿಕೊಡುವುದು ಈ ಟಿಕೆಟ್ ಲೆಕ್ಕದ ಮೇಲೆ. ಇಳಿಯುವವರೆಗೂ ಜೋಪಾನ ಮಾಡಲು ಹೇಳಿ. ನಿಮಗೆ ಸೀಟು ಕೊಡಿಸುವ ಕಲಂ ಇನ್ನೂ ಬಂದಿಲ್ಲ.

● ಸರ್ಕಾರಿ ಸೇವೆಯನ್ನು ನಿಗದಿತ ದಿನದೊಳಗೆ ಕೊಡಬೇಕೆನ್ನುವ ‘ಸಕಾಲ’ ಯೋಜನೆಯಲ್ಲಿ ತಡವಾದರೆ ಪರಿಹಾರ ಕೊಡುತ್ತಾರಂತೆ. ನಿಜವೇ?
– ಕೊಪ್ಪಳ

ನಿಜ. ದಿನಕ್ಕೆ 20 ರೂಪಾಯಿ, ಗರಿಷ್ಠ 500. ಅಂದರೆ 25 ದಿನ ಕಳೆದ ಮೇಲೆ ತಡ ಮಾಡುವುದು ಪುಕ್ಕಟೆ. ಅರ್ಜಿ ಕೊಟ್ಟಾಗ 15 ಅಂಕಿಯ ಸಕಾಲ ಸಂಖ್ಯೆ ಪಡೆಯದಿದ್ದರೆ ಈ ದಿನಗಳ ಎಣಿಕೆ ಶುರುವಾಗುವುದೇ ಇಲ್ಲ. ‘ಆಮೇಲೆ ನಂಬರ್ ಕೊಡ್ತೀವಿ, ಬಿಟ್ಟು ಹೋಗಿ’ ಎಂದರೆ ಬಿಟ್ಟು ಹೋಗಬೇಡಿ. ಕೊನೇ ದಿನ ‘ದಾಖಲೆ ಸಾಲದು’ ಎಂದು ತಿರಸ್ಕರಿಸಿದರೆ ಅದಕ್ಕೂ ಮೇಲ್ಮನವಿ ಉಂಟು.

● ಗ್ರಾಮಸಭೆಗೆ ಹೋದರೆ ಬಿಸ್ಕತ್ತು, ಟೀ ಬಿಟ್ಟು ಏನು ಸಿಗುತ್ತದೆ?
– ಮಂಡ್ಯ ಜಿಲ್ಲೆ

ಕ್ರಿಯಾ ಯೋಜನೆಗೆ ಕೆಲಸ ಸೇರಿಸುವ ಹಕ್ಕು. ಕನಿಷ್ಠ ಆರು ತಿಂಗಳಿಗೊಮ್ಮೆ ಸಭೆ ಆಗಲೇಬೇಕು. ನಿಮ್ಮ ಬೀದಿಯ ಚರಂಡಿ ಪಟ್ಟಿಯಲ್ಲಿ ಬರದಿದ್ದರೆ ಮಾರ್ಚ್‌ನಲ್ಲಿ ಕಿರುಚಿ ಉಪಯೋಗವಿಲ್ಲ. ಒಂದು ಎಚ್ಚರಿಕೆ: ಬಾಗಿಲಲ್ಲೇ ಹಾಜರಿ ಎಂದು ಸಹಿ ಹಾಕಿಸಿಕೊಳ್ಳುವ ಪುಟದ ಮೇಲ್ಭಾಗ ಖಾಲಿ ಇದ್ದರೆ ಅಲ್ಲೊಂದು ಅಡ್ಡಗೆರೆ ಎಳೆದು ಸಹಿ ಹಾಕಿ, ಇಲ್ಲವಾದರೆ ನೀವು ಕೇಳದ ನಿರ್ಣಯವೂ ನಿಮ್ಮ ಒಪ್ಪಿಗೆಯಿಂದಲೇ ಪಾಸಾಗುತ್ತದೆ. ಬಿಸ್ಕತ್ತನ್ನು ಸಹಿಗೆ ಮೊದಲೂ ತಿನ್ನಬಹುದು, ಆಮೇಲೂ ತಿನ್ನಬಹುದು.